ಮನಸ್ಸು ಕುಗ್ಗಿದರೆ ಸಕ್ಕರೆ ಏರುವುದೇ?



ನಮ್ಮ ಆರೋಗ್ಯ ಸಂವಾದಕ್ಕೆ ಪಿ.ಯು.ಸಿ. ಓದುತ್ತಿರುವ ಹುಡುಗಿಯೊಬ್ಬಳು ಪತ್ರ ಬರೆದಿದ್ದಳು. “ಅಜ್ಜ ತೀರಿಕೊಂಡ ಮೇಲೆ ಅಜ್ಜಿ ಯಾರೊಡನೆಯೂ ಸರಿಯಾಗಿ ಮಾತಾಡುವುದಿಲ್ಲ. ಹಗಲೆಲ್ಲ ಮಲಗಿರುತ್ತಾರೆ. ವರ್ಷ ತುಂಬುವಷ್ಟರಲ್ಲಿ ಸಕ್ಕರೆ ಕಾಯಿಲೆಯೂ ಬಂದಿದೆ. ದುಃಖದಿಂದ ಸಕ್ಕರೆ ಕಾಯಿಲೆ ಬರುತ್ತದೆಯೇ?” ಅಂದು ಸಮಯ ಮುಗಿದುಹೋದ ಕಾರಣ ಉತ್ತರ ಕೊಡಲಾಗಲಿಲ್ಲ. ಆ ಪ್ರಶ್ನೆಯನ್ನು ಇಲ್ಲಿ ಎತ್ತಿಕೊಳ್ಳೋಣ.

ಹಳೆಯ ಸಂಶಯ, ಹೊಸ ಲೆಕ್ಕ

ದೀರ್ಘಕಾಲದ ದುಃಖ ಮಧುಮೇಹಕ್ಕೆ ದಾರಿಯಾಗಬಹುದೆಂದು 17ನೆಯ ಶತಮಾನದಲ್ಲೇ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ಬರೆದಿದ್ದರು. ಅದನ್ನು ಅಳೆದು ನೋಡುವ ಕೆಲಸ ಬಹಳ ತಡವಾಗಿ ನಡೆಯಿತು. ಅಮೆರಿಕದಲ್ಲಿ 1989ರಲ್ಲಿ, 65 ವರ್ಷ ಮತ್ತು ಮೇಲ್ಪಟ್ಟವರ ಹೃದಯ ಹಾಗೂ ರಕ್ತನಾಳಗಳ ಆರೋಗ್ಯ ಕುರಿತ ದೊಡ್ಡ ಅಧ್ಯಯನವೊಂದು ಆರಂಭವಾಯಿತು. ಅದರಲ್ಲಿದ್ದ, ಮೊದಲು ಮಧುಮೇಹವಿಲ್ಲದ 4,681 ಜನರ ವಿವರಗಳನ್ನು ವಿಶ್ಲೇಷಿಸಿ 2007ರಲ್ಲಿ ಪ್ರಕಟಿಸಲಾಯಿತು. ಇವರಿಗೆ ವರ್ಷಕ್ಕೊಮ್ಮೆ 10 ಪ್ರಶ್ನೆಗಳನ್ನು ಕೇಳಿ ಖಿನ್ನತೆಯ ಲಕ್ಷಣಗಳನ್ನು ಅಳೆಯುತ್ತಿದ್ದರು. ಲಕ್ಷಣಗಳು ಹೆಚ್ಚಿದ್ದವರಲ್ಲಿ ಮುಂದೆ ಮಧುಮೇಹವೂ ಹೆಚ್ಚಾಗಿ ಕಂಡುಬಂತು. ದೇಹದ ತೂಕ, ವ್ಯಾಯಾಮ, ಧೂಮಪಾನ ಇವುಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಸಂಬಂಧ ಅಳಿಸಿಹೋಗಲಿಲ್ಲ. 2008ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಖಿನ್ನತೆ ಇರುವವರಲ್ಲಿ ಅಪಾಯ ಸುಮಾರು ಶೇಕಡಾ 60ರಷ್ಟು ಹೆಚ್ಚೆಂದು ತಿಳಿಯಿತು.

ಇಲ್ಲಿ ಎಚ್ಚರ ಬೇಕು. ಶೇಕಡಾ 60ರಷ್ಟು ಹೆಚ್ಚು ಎಂದರೆ ನೂರರಲ್ಲಿ 60 ಜನರಿಗೆ ಕಾಯಿಲೆ ಬರುತ್ತದೆ ಎಂದಲ್ಲ. ನೂರರಲ್ಲಿ 10 ಜನರಿಗೆ ಬರುವ ಕಡೆ 16 ಜನರಿಗೆ ಬಂದಂತೆ, ಅಷ್ಟೆ.

ದೇಹದೊಳಗೆ ನಡೆಯುವುದೇನು?

ಪರೀಕ್ಷೆಯ ಹಿಂದಿನ ದಿನ ನಿಮ್ಮ ಎದೆ ಡವಗುಟ್ಟುವುದಿಲ್ಲವೇ? ಇಂತಹ ಒತ್ತಡದಲ್ಲಿ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಸ್ರವಿಸುತ್ತವೆ. ಅದು ಯಕೃತ್ತಿನಿಂದ ಗ್ಲೂಕೋಸ್ ಹೊರಬರುವಂತೆ ಮಾಡುತ್ತದೆ. ಇನ್ಸುಲಿನ್‌ನ ಕೆಲಸವನ್ನು ಮಂದಗೊಳಿಸುತ್ತದೆ. ಪರೀಕ್ಷೆ ಮುಗಿದರೆ ಎಲ್ಲವೂ ತಹಬಂದಿಗೆ ಬರುತ್ತದೆ. ಖಿನ್ನತೆ ತಿಂಗಳುಗಟ್ಟಲೆ ಇದ್ದಾಗ ಅನೇಕರಲ್ಲಿ ಕಾರ್ಟಿಸಾಲ್ ಇಳಿಯುವುದೇ ಇಲ್ಲ. ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ. ನಿದ್ರೆ ಕೆಡುತ್ತದೆ, ನಡೆದಾಟ ನಿಲ್ಲುತ್ತದೆ, ಊಟದ ಹೊತ್ತು ತಪ್ಪುತ್ತದೆ. ವಯಸ್ಸಾದವರಲ್ಲಿ ಮೇದೋಜ್ಜೀರಕ ಗ್ರಂಥಿಯ ಶಕ್ತಿ ಮೊದಲೇ ಕುಂದಿರುವುದರಿಂದ ಈ ಹೊರೆ ಅವರಿಗೆ ಹೆಚ್ಚು.

ದಾರಿ ಎರಡೂ ಕಡೆಗಿದೆ. ಮಧುಮೇಹ ಬಂದವರಲ್ಲಿ ಖಿನ್ನತೆಯೂ ಹೆಚ್ಚು. ಮನಸ್ಸು ಕುಗ್ಗಿದಾಗ ಮಾತ್ರೆ ತಪ್ಪುತ್ತದೆ, ಸಕ್ಕರೆ ಏರುತ್ತದೆ. ಸಕ್ಕರೆ ಏರಿದರೆ ಮನಸ್ಸು ಇನ್ನಷ್ಟು ಕುಗ್ಗುತ್ತದೆ.

ನೀವೇನು ಮಾಡಬಹುದು?

ಹಿರಿಯರು “ನನಗೆ ಬೇಸರ” ಎಂದು ಬಾಯಿಬಿಟ್ಟು ಹೇಳುವುದು ಕಡಿಮೆ. ಮೈಕೈ ನೋವು, ನಿದ್ರೆಯಿಲ್ಲ, ಬಾಯಿರುಚಿಯಿಲ್ಲ ಎನ್ನುತ್ತಾರೆ. ನಾವು “ವಯಸ್ಸಾಯಿತಲ್ಲ” ಎಂದು ಸುಮ್ಮನಾಗುತ್ತೇವೆ. ಇಂಥ ಸ್ಥಿತಿ ಎರಡು ವಾರ ಮೀರಿದರೆ ವೈದ್ಯರಿಗೆ ತೋರಿಸಬೇಕು. ಖಿನ್ನತೆಗೆ ಚಿಕಿತ್ಸೆ ಇದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಇದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್.

ಪತ್ರ ಬರೆದ ಹುಡುಗಿಗೆ ಇಷ್ಟು ಹೇಳಬಹುದು. ಅಜ್ಜಿಯ ಕಾಯಿಲೆ ದುಃಖದಿಂದಲೇ ಬಂತೆಂದು ಯಾರೂ ಖಚಿತವಾಗಿ ಹೇಳಲಾರರು. ಮಧುಮೇಹ ಕೆಲವೊಮ್ಮೆ ಯಾವ ಸುಳಿವೂ ಕೊಡದೆ ವರ್ಷಗಟ್ಟಲೆ ಒಳಗೇ ಇರುತ್ತದೆ. ಆದರೆ ಮುಂದಿನ ಸಲ ಡಾಕ್ಟರ ಬಳಿ ಹೋದಾಗ ರಕ್ತಪರೀಕ್ಷೆಯ ಚೀಟಿಯೊಂದನ್ನೇ ತೋರಿಸಬೇಡಮ್ಮ. ಅಜ್ಜಿ ಮಾತು ಬಿಟ್ಟಿರುವುದನ್ನೂ ಹೇಳು. ಸಂಜೆ ಅವರ ಕೈ ಹಿಡಿದು ಬೀದಿಯ ಕೊನೆಯವರೆಗೆ ನಡೆಸಿಕೊಂಡು ಹೋಗು. ಅದು ಸಕ್ಕರೆಗೂ ಒಳ್ಳೆಯದು, ಮನಸ್ಸಿಗೂ ಒಳ್ಳೆಯದು.