ಬ್ರಾಂಡ್ ಉಂಗುರ ಕೊಟ್ಟು ದೊಡ್ಡ ಹರಳು: ಲೆಕ್ಕ ತಪ್ಪುವುದು ಎಲ್ಲಿ?

ಹೊಸೂರು: ಮನೆಯಲ್ಲಿ ಮದುವೆ ಮಾತು ಶುರುವಾಯಿತೆಂದರೆ ಬೀರುವಿನಿಂದ ಮೊದಲು ಹೊರಗೆ ಬರುವುದು ಹಳೇ ಒಡವೆಯ ಡಬ್ಬಿ. ಯಾವುದನ್ನು ಕರಗಿಸುವುದು, ಯಾವುದನ್ನು ಹಾಗೇ ಇಡುವುದು ಎಂಬ ಚರ್ಚೆ. ಮೊದಲೆಲ್ಲ ಈ ಚರ್ಚೆ ಚಿನ್ನದ ಸುತ್ತಲೇ ಇರುತ್ತಿತ್ತು. ಈಗ ಡಬ್ಬಿಯಲ್ಲಿ ಇನ್ನೊಂದು ಪದಾರ್ಥವಿದೆ. ನಿಶ್ಚಿತಾರ್ಥಕ್ಕೆಂದು ದೊಡ್ಡ ಹೆಸರಿನ ಮಳಿಗೆಯಲ್ಲಿ ಕೊಂಡ, ಜೊತೆಗೊಂದು ಕಾರ್ಡೂ ಇರುವ ವಜ್ರದ ಉಂಗುರ.

ಅದನ್ನು ಹಿಡಿದು ಬೇರೆ ಅಂಗಡಿಗೆ ಹೋದರೆ ಕೇಳಿಸುವ ಮಾತು ಬಹುತೇಕ ಒಂದೇ. 'ಇದು ಮೂವತ್ತು ಸೆಂಟು ಅಷ್ಟೇ ಅಕ್ಕಾ. ಇದನ್ನ ಕೊಟ್ಬಿಡಿ, ಮೇಲೆ ಸ್ವಲ್ಪ ಹಾಕಿ, ಅರ್ಧ ಕ್ಯಾರೆಟ್ ಒಂಟಿ ಹರಳು ಮಾಡ್ಕೊಡ್ತೀವಿ. ಬರೀ ಹೆಸರಿಗೆ ಯಾಕೆ ದುಡ್ಡು ಕೊಡ್ತೀರಾ?'

ಮಾತಿನಲ್ಲಿ ನಿಜವಿಲ್ಲ ಎನ್ನಲಾಗದು. ಜಗತ್ತಿನ ವಜ್ರಗಳಲ್ಲಿ ಬಹುಪಾಲು ಗುಜರಾತಿನ ಸೂರತ್‌ನಲ್ಲೇ ಕತ್ತರಿಸಿ ಹೊಳಪು ಪಡೆಯುತ್ತವೆ. ಉಂಗುರದಲ್ಲಿ ಕೂರುವ ಮೊದಲು ಆ ಕಲ್ಲುಗಳಿಗೆ ಅಂಗಡಿಯ ಹೆಸರಿರುವುದಿಲ್ಲ. ಇದನ್ನು ಹೊಸೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಟಾಟಾ ಸಮೂಹ ಮತ್ತು ತಮಿಳುನಾಡು ಸರ್ಕಾರದ ಟಿಡ್ಕೊ ಸೇರಿ 1984ರಲ್ಲಿ ಕಟ್ಟಿದ ಟೈಟಾನ್ ಇಲ್ಲಿ ಮೊದಲು ವಾಚ್ ಮಾಡಿತು. 1990ರ ದಶಕದಲ್ಲಿ ತನಿಷ್ಕ್ ಹೆಸರಿನ ಒಡವೆಗೂ ಇದೇ ಊರಿನ ಕಾರ್ಖಾನೆ ನೆಲೆಯಾಯಿತು. ದೇಶಕ್ಕೆ ಬ್ರಾಂಡ್ ಒಡವೆಯ ರೂಢಿ ಹತ್ತಿಸಿದ ಊರುಗಳಲ್ಲಿ ಹೊಸೂರೂ ಒಂದು.

ಹಾಗೆ ನೋಡಿದರೆ ಹೆಸರಿಲ್ಲದ ಹರಳು ನಮ್ಮ ಮನೆಗಳಿಗೆ ಹೊಸತಲ್ಲ. ಅಜ್ಜಿಯ ಕಾಲದ ಏಳು ಕಲ್ಲಿನ ಓಲೆಗೆ ಯಾವ ಕಾರ್ಡ್ ಇತ್ತು? 'ಬ್ಲೂ ಜಾಗರ್' ಎಂದು ಗತ್ತಿನಿಂದ ಹೇಳಿಕೊಳ್ಳುತ್ತಿದ್ದರು. ದಕ್ಷಿಣ ಆಫ್ರಿಕಾದ ಜಾಗರ್ಸ್‌ಫಾಂಟೀನ್ ಗಣಿಯಿಂದ ಬಂದ ಹೆಸರದು ಎಂಬುದು ಹಾಕಿಕೊಂಡವರಿಗೂ ಗೊತ್ತಿರಲಿಲ್ಲ. ಹರಳನ್ನು ಮನೆಗೆ ತಂದು ಮೂರು ದಿನ ದೇವರ ಮುಂದಿಟ್ಟು, ಆಗಿಬಂತು ಅನ್ನಿಸಿದರೆ ದುಡ್ಡು ಕೊಡುವುದು. ಒಳಗೆ ಕಪ್ಪು ಗೆರೆ ಕಂಡರೆ 'ಕಾಕಪಾದ' ಎಂದು ವಾಪಸ್. ಹರಳಿಗೆ ಜಾಮೀನು ನಿಂತಿದ್ದವನು ಮೂರು ತಲೆಮಾರಿನಿಂದ ಗೊತ್ತಿದ್ದ ಸೇಟು ಅಥವಾ ಆಚಾರಿ. ಬ್ರಾಂಡ್ ಬಂದು ಕೂತದ್ದು ಅವರ ಜಾಗದಲ್ಲಿ. ಆದ್ದರಿಂದ ಬ್ರಾಂಡ್ ಉಂಗುರ ಬಿಟ್ಟುಕೊಡುವಾಗ ಹೋಗುವುದು ಬರೀ ಹೆಸರಲ್ಲ, ಆ ಜಾಮೀನೂ ಹೋಗುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಬಿಲ್ಲಿನಲ್ಲಿ ಬರೆದಿರುವ ವಜ್ರದ ಬೆಲೆ ಆ ಒಂದು ಮಳಿಗೆಯ ಗಲ್ಲೆಯ ಹಿಂದೆ ಮಾತ್ರ ಬೆಲೆ. ಅದೇ ಸಂಸ್ಥೆಯಲ್ಲಿ ಬದಲಾಯಿಸಿದರೆ ಷರತ್ತಿನಂತೆ ಒಂದು ದರ ಸಿಗುತ್ತದೆ. ನಗದು ಕೇಳಿದರೆ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಪಕ್ಕದ ಬೀದಿಯ ಅಂಗಡಿಗೆ ಹೋದರೆ ಅದು ಒಂದು ಬಿಡಿ ಹರಳು, ಅವತ್ತಿನ ಮಾರುಕಟ್ಟೆ ದರ ಮಾತ್ರ. ಕೂಲಿ, ವೇಸ್ಟೇಜ್, ತೆರಿಗೆ ಯಾವುದೂ ವಾಪಸ್ ಬರುವುದಿಲ್ಲ. ಹೊಸ ಉಂಗುರಕ್ಕೆ ಇವೆಲ್ಲ ಮತ್ತೊಮ್ಮೆ.

ಇಷ್ಟಾದರೂ ಎಷ್ಟೋ ಸಲ ಅಂಗಡಿಯಾತ, 'ನಿಮ್ಮ ಬಿಲ್ಲಿನಷ್ಟೇ ಕೊಡ್ತೀನಮ್ಮ, ಒಂದು ರೂಪಾಯಿ ಕಮ್ಮಿ ಮಾಡಲ್ಲ' ಎಂದುಬಿಡುತ್ತಾನೆ. ಮನೆಯವರು ಸೋಲುವುದು ಇಲ್ಲೇ.

ಉದಾಹರಣೆಗೆ 2015ರಲ್ಲಿ ತೆರಿಗೆ ಬಿಟ್ಟು 50 ಸಾವಿರಕ್ಕೆ ಉಂಗುರ ಕೊಂಡಿದ್ದೀರಿ ಎಂದಿಟ್ಟುಕೊಳ್ಳಿ. ಹರಳಿಗೆ 40 ಸಾವಿರ, ಕೂಲಿಗೆ 4 ಸಾವಿರ, 18 ಕ್ಯಾರೆಟ್‌ನ 3 ಗ್ರಾಂ ಚಿನ್ನಕ್ಕೆ 6 ಸಾವಿರ. 18 ಕ್ಯಾರೆಟ್ ಎಂದರೆ ನೂರಕ್ಕೆ 75 ಪಾಲು ಚಿನ್ನ. ಹಾಗಾಗಿ ಅದರಲ್ಲಿರುವುದು ಎರಡೂಕಾಲು ಗ್ರಾಂ ಅಪ್ಪಟ ಬಂಗಾರ. 2025ರಲ್ಲಿ 10 ಗ್ರಾಂ ಬಂಗಾರ ಒಂದು ಲಕ್ಷ ದಾಟಿತು. ಆ ದರ ಹಿಡಿದರೂ ಉಂಗುರದ ಚಿನ್ನವೊಂದೇ 22 ಸಾವಿರದ 500 ರೂಪಾಯಿ. 'ಬಿಲ್ಲಿನಷ್ಟೇ' ಎಂದು ಕೊಡುವ 50 ಸಾವಿರದಲ್ಲಿ ಇದನ್ನು ಕಳೆಯಿರಿ. 40 ಸಾವಿರದ ಹರಳನ್ನು ಆತ ತೆಗೆದುಕೊಂಡದ್ದು 27 ಸಾವಿರದ 500ಕ್ಕೆ! ಚಿನ್ನ ಏರಿದ ಲಾಭ ಹರಳು ಇಳಿದ ನಷ್ಟವನ್ನು ಮುಚ್ಚಿಹಾಕಿರುತ್ತದೆ. ಹಾಗೆಂದು ಆ ದರ ಮೋಸ ಎನ್ನುವಂತಿಲ್ಲ. 2022ರಿಂದೀಚೆಗೆ ಗಣಿಯ ವಜ್ರದ ಬೆಲೆ ನಿಜಕ್ಕೂ ಕುಸಿದಿದೆ. ಆದರೆ ಚಿನ್ನಕ್ಕೆ ಎಷ್ಟು, ಹರಳಿಗೆ ಎಷ್ಟು ಎಂದು ಬೇರೆ ಬೇರೆ ಬರೆಸಿಕೊಳ್ಳದೆ ಉಂಗುರ ಬೆರಳಿನಿಂದ ಕಳಚಬಾರದು. ಒಟ್ಟು ಮೊತ್ತದ ಮಾತು ಯಾವಾಗಲೂ ಮಾರುವವನಿಗೇ ಅನುಕೂಲ.

ಇನ್ನು 'ದೊಡ್ಡ' ಎಂಬ ಮಾತು. ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ, ಅಂದರೆ ನೂರು ಸೆಂಟು. ಸರಿಯಾಗಿ ಕತ್ತರಿಸಿದ 30 ಸೆಂಟಿನ ದುಂಡು ಹರಳಿನ ಅಗಲ ಹೆಚ್ಚುಕಡಿಮೆ 4.3 ಮಿಲಿಮೀಟರ್. 50 ಸೆಂಟಿನದ್ದು 5.1ರ ಆಸುಪಾಸು. ತೂಕ ಒಂದೂವರೆ ಪಟ್ಟಿಗಿಂತ ಹೆಚ್ಚಾದರೂ ಕಣ್ಣಿಗೆ ಕಾಣುವ ವ್ಯತ್ಯಾಸ ಒಂದು ಮಿಲಿಮೀಟರ್‌ಗಿಂತ ಕಡಿಮೆ. ಹರಳಿನ ಸುತ್ತಂಚು ದಪ್ಪ ಬಿಟ್ಟಿದ್ದರೆ, ಅಡಿಭಾಗ ಆಳವಾಗಿದ್ದರೆ ಅಷ್ಟೂ ಕಾಣುವುದಿಲ್ಲ. ತೂಕಕ್ಕೆ ದುಡ್ಡು ಕೊಟ್ಟಿರುತ್ತೀರಿ, ಆ ತೂಕ ಹೊಟ್ಟೆಯೊಳಗೆ ಅಡಗಿರುತ್ತದೆ. ಅರ್ಧ ಕ್ಯಾರೆಟ್, ಒಂದು ಕ್ಯಾರೆಟ್ ಎಂಬ ದುಂಡು ಅಂಕಿ ಮುಟ್ಟಿದ ಕೂಡಲೇ ಕ್ಯಾರೆಟ್ ದರವೇ ಮೇಲೆ ಜಿಗಿಯುತ್ತದೆ. 47, 48 ಸೆಂಟಿನ ಹರಳು ಕೇಳಿ ನೋಡುವುದು ಜಾಣತನ. ಬೆರಳ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ.

ಏಳು ಚಿಕ್ಕ ಹರಳು ಒತ್ತೊತ್ತಾಗಿ ಕೂರಿಸಿ ಒಂದೇ ಕಲ್ಲಿನಂತೆ ತೋರಿಸುವ ಉಂಗುರಗಳೂ ಉಂಟು. ಎಲ್ಲ ಸೇರಿ ಅರ್ಧ ಕ್ಯಾರೆಟ್ ಇರಬಹುದು. ಅದು ಒಂಟಿ ಹರಳಿನ ಬೆಲೆಗೆ ಎಂದೂ ಸಮನಲ್ಲ.

ಹಾಗಾದರೆ ಬದಲಾವಣೆಯೇ ಬೇಡವೆ? ಬೇಡವೆಂದಲ್ಲ. ದೊಡ್ಡ ಮಳಿಗೆಗಳು 'ವಿವಿಎಸ್, ಇಎಫ್' ಎಂದು ಹೇಳಿ ಮಾರುವುದುಂಟು. ಮೊದಲನೆಯದು ಒಳಗಿನ ಶುದ್ಧತೆ, ಎರಡನೆಯದು ಬಣ್ಣ. ಬಣ್ಣಕ್ಕೆ ಡಿ ಅಕ್ಷರದಿಂದ ಜೆಡ್‌ವರೆಗೆ ದರ್ಜೆ. ಡಿ ಎಂದರೆ ಬಣ್ಣವೇ ಇಲ್ಲ, ಮುಂದೆ ಹೋದಂತೆ ಹಳದಿ ಛಾಯೆ. ವಿವಿಎಸ್‌ಗೂ ಅದರ ಕೆಳಗಿನ ವಿಎಸ್‌ಗೂ ಇರುವ ಅಂತರ ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಗೆ ಗೊತ್ತೇ ಹೊರತು ಬೀಗತಿಯ ಕಣ್ಣಿಗಲ್ಲ. ಹಳದಿ ಚಿನ್ನದಲ್ಲಿ ಕೂರಿಸಿದರೆ ಜಿ, ಎಚ್ ಬಣ್ಣವೂ ಬೆಳ್ಳಗೇ ಕಾಣುತ್ತದೆ. ಇಲ್ಲಿ ಒಂದೆರಡು ಮೆಟ್ಟಿಲು ಇಳಿದು ಗಾತ್ರ ಹೆಚ್ಚಿಸಿಕೊಳ್ಳುವುದು ನ್ಯಾಯವಾದ ವ್ಯಾಪಾರ. ಬಿಟ್ಟುಕೊಡಬಾರದ್ದು ಕತ್ತರಿಕೆ. ಹರಳು ಬೆಳಕು ಚಿಮ್ಮುವುದು ಅದರಿಂದಲೇ. ಕಟ್ ಸರಿಯಿಲ್ಲದ ದೊಡ್ಡ ಕಲ್ಲು ದೊಡ್ಡ ಗಾಜಿನಂತೆ ಮಂಕಾಗಿರುತ್ತದೆ.

ನಿಜವಾದ ಭಯ ಬೇರೆ ಕಡೆ ಇದೆ. ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರ, ವ್ಯಾಪಾರಿಗಳ ಮಾತಿನಲ್ಲಿ 'ಸಿವಿಡಿ'. ಅದು ನಕಲಿಯಲ್ಲ. ಗಣಿಯ ವಜ್ರದಂತೆ ಅದೂ ಇಂಗಾಲವೇ. 2023ರಲ್ಲಿ ಪ್ರಧಾನಿ ಅಮೆರಿಕ ಅಧ್ಯಕ್ಷರ ಪತ್ನಿಗೆ ಕೊಟ್ಟ ಏಳೂವರೆ ಕ್ಯಾರೆಟ್ ಹರಳು ಇಂಥದ್ದೇ. ಬೆಲೆ ಮಾತ್ರ ಗಣಿಯದಕ್ಕಿಂತ ಎಷ್ಟೋ ಕಡಿಮೆ, ಮರಳಿ ಮಾರಹೋದರೆ ಇನ್ನೂ ಕಷ್ಟ. ಗೊತ್ತಿದ್ದು ಕೊಂಡರೆ ಅವರವರ ಇಷ್ಟ. ಗಣಿಯ ಹರಳು ಕೊಟ್ಟು, ಗೊತ್ತಿಲ್ಲದೆ ಸಿವಿಡಿ ತಂದರೆ ಹೋದದ್ದು ಹೋದಂತೆಯೇ.

'ನೋಡಿ ಅಕ್ಕಾ, ಪೆನ್ನು ಇಟ್ಟ ತಕ್ಷಣ ಕೀ ಅಂತು' ಎಂಬುದನ್ನು ನಂಬುವಂತಿಲ್ಲ. ಆ ಪೆನ್ನು ಅಳೆಯುವುದು ಕಲ್ಲು ಶಾಖವನ್ನು ಎಷ್ಟು ಬೇಗ ಹರಿಸುತ್ತದೆ ಎಂಬುದನ್ನು. ಅಮೆರಿಕನ್ ಡೈಮಂಡ್ ಅದರಲ್ಲಿ ಸಿಕ್ಕಿಬೀಳುತ್ತದೆ. ಸಿವಿಡಿ ಪಾಸಾಗುತ್ತದೆ, ಮಾಯ್ಸನೈಟ್ ಎಂಬ ಬೇರೆಯೇ ಕಲ್ಲು ಕೂಡ ಪಾಸಾಗುತ್ತದೆ. ಉಂಗುರದ ಒಳಬದಿಯ ಬಿಐಎಸ್ ಹಾಲ್‌ಮಾರ್ಕ್ ತೋರಿಸಿ 'ಸರ್ಕಾರಿ ಸೀಲ್ ಇದೆಯಲ್ಲ' ಎನ್ನುವವರೂ ಇದ್ದಾರೆ. 750 ಎಂಬ ಅಂಕಿ ಮತ್ತು ಆರು ಅಕ್ಷರಾಂಕಿಗಳ ಎಚ್‌ಯುಐಡಿ ಸಂಖ್ಯೆ ಚಿನ್ನದ ಮಾತು ಹೇಳುತ್ತವೆ, ಹರಳಿನದ್ದಲ್ಲ.

ಹರಳಿಗೆ ಬೇಕಾದದ್ದು ಜಿಐಎ ಅಥವಾ ಐಜಿಐನಂಥ ಸ್ವತಂತ್ರ ಪ್ರಯೋಗಾಲಯದ ವರದಿ. ಅಂಗಡಿಯವರೇ ಅಚ್ಚು ಹಾಕಿಸಿದ ಕಾರ್ಡ್ ಸಾಲದು. ವರದಿಯ ಸಂಖ್ಯೆಯನ್ನು ಆ ಸಂಸ್ಥೆಯ ವೆಬ್‌ಸೈಟಿನಲ್ಲಿ ಹಾಕಿ ನೋಡಬಹುದು, ಮೊಬೈಲಿನಲ್ಲಿ ಎರಡು ನಿಮಿಷದ ಕೆಲಸ. ಐಜಿಐ ವರದಿ ಸಂಖ್ಯೆಯ ಮುಂದೆ 'ಎಲ್‌ಜಿ' ಇದ್ದರೆ ಅದು ಪ್ರಯೋಗಾಲಯದ ಹರಳು. ಹರಳಿನ ಅಂಚಿನಲ್ಲಿ ಲೇಸರ್‌ನಿಂದ ಸಂಖ್ಯೆ ಕೊರೆದಿದ್ದರೆ ಭೂತಗನ್ನಡಿ ಕೇಳಿ ಓದಿ, ವರದಿಗೆ ತಾಳೆ ನೋಡಿ. ನಾಚಿಕೆ ಬೇಡ. ಕೂರಿಸುವ ಮೊದಲು ಬಿಡಿ ಹರಳನ್ನು ಕಣ್ಣೆದುರೇ ತೂಗಿಸಿ. ಉಂಗುರದಲ್ಲಿ ಕೂತ ಮೇಲೆ ತೂಕ ಬರೀ ಅಂದಾಜು.

ಹೊಸೂರು, ಬಾಗಲೂರು, ತಳಿ ಕಡೆಯವರು ಇಂಥ ಕೆಲಸಕ್ಕೆ ಅತ್ತಿಬೆಲೆ ದಾಟಿ ಬೆಂಗಳೂರಿನ ಚಿಕ್ಕಪೇಟೆ, ನಗರ್ತಪೇಟೆಗೆ ಹೋಗುವುದು ಇದ್ದದ್ದೇ. ಆಯ್ಕೆ ಅಲ್ಲಿ ಹೆಚ್ಚು, ಸಂದೇಹವಿಲ್ಲ. ತೆರಿಗೆ ಉಳಿಯುತ್ತದೆ ಎಂಬುದು ಮಾತ್ರ ತಪ್ಪು ಲೆಕ್ಕ. ಒಡವೆಗೆ ಜಿಎಸ್‌ಟಿ ಗಡಿಯ ಎರಡೂ ಕಡೆ 3 ಪರ್ಸೆಂಟೇ. 'ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ತೀನಿ' ಎಂದರೆ ಉಳಿಯುವ ದುಡ್ಡಿಗಿಂತ ಕಳೆದುಕೊಳ್ಳುವುದು ದೊಡ್ಡದು. ಬಿಲ್ಲಿನಲ್ಲಿ ಹರಳಿನ ತೂಕ, ಬಣ್ಣ, ಶುದ್ಧತೆ, 'ಗಣಿಯದು' ಎಂಬ ಮಾತು, ವರದಿ ಸಂಖ್ಯೆ, ಚಿನ್ನದ ನಿವ್ವಳ ತೂಕ ಬರೆದಿರಬೇಕು. ಮರಳಿ ತಂದರೆ ಎಷ್ಟಕ್ಕೆ ತೆಗೆದುಕೊಳ್ಳುತ್ತಾರೆ ಎಂಬುದೂ ಬಾಯಿಮಾತಿನಲ್ಲಿ ಉಳಿಯಬಾರದು. ಅಜ್ಜಿಯ ಕಾಲದ ಸೇಟು ಬಾಯಲ್ಲಿ ಹೇಳಿದ್ದನ್ನು ಈಗ ಕಾಗದ ಹೇಳಬೇಕು.

ಇಷ್ಟರ ಮೇಲೂ ಮೋಸವಾದರೆ ಬೆಂಗಳೂರಿಗೆ ಅಲೆಯಬೇಕಿಲ್ಲ. 2020ರ ಜುಲೈಯಲ್ಲಿ ಜಾರಿಗೆ ಬಂದ ಗ್ರಾಹಕ ರಕ್ಷಣಾ ಕಾಯ್ದೆಯಂತೆ ಗ್ರಾಹಕರು ತಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಚಿಕ್ಕಪೇಟೆಯಲ್ಲಿ ಕೊಂಡ ಉಂಗುರಕ್ಕೂ ಹೊಸೂರಿನವರು ಕೃಷ್ಣಗಿರಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಮೊದಲು ವಿಚಾರಿಸಬೇಕೆಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಹಳೇ ಉಂಗುರದ ಬಿಲ್ ಮತ್ತು ಕಾರ್ಡಿನ ನಕಲನ್ನೂ ಮನೆಯಲ್ಲಿಟ್ಟುಕೊಂಡಿರಿ. ಕೊಟ್ಟದ್ದು ಏನು ಎಂದು ಆಯೋಗ ಮೊದಲು ಕೇಳುವುದು ಅದನ್ನೇ.