ದಾದಿಯ ದನಿ: ಮೂರು ಯಂತ್ರ, ಒಂದೇ ಗಡಿಯಾರ

ಮನೆಯ ಹಿರಿಯರು ನಮ್ಮನ್ನಗಲಿದ ಮೇಲೆ ಅವರ ಫೋಟೋ ಉಳಿಯುತ್ತದೆ. ಕನ್ನಡಕ, ತಸ್ಬೀಹ್, ಎಲೆಯಡಿಕೆಯ ಡಬ್ಬಿ ಉಳಿಯುತ್ತವೆ. ದನಿ ಮಾತ್ರ ಉಳಿಯುವುದಿಲ್ಲ. ನಿಮ್ಮ ದಾದಿ ಅಥವಾ ನಾನಿ ತೊಟ್ಟಿಲು ತೂಗುತ್ತಾ ಹಾಡುತ್ತಿದ್ದ ಲೋರಿ ಇಂದು ನಿಮಗೆ ಪೂರ್ತಿಯಾಗಿ ನೆನಪಿದೆಯೇ? ಸಹೋದರಿಯರೇ, ಒಂದು ನಿಮಿಷ ಯೋಚಿಸಿ ನೋಡಿ.

ರಾಯಚೂರು ಜಿಲ್ಲೆಯ ಕವಿತಾಳ, ಮಾನ್ವಿ, ದೇವದುರ್ಗದ ಕಡೆಯ ಎಷ್ಟೋ ಮುಸ್ಲಿಂ ಮನೆಗಳಲ್ಲಿ ಒಳಗೆ ದಖನಿ, ಅಂಗಳದಲ್ಲಿ ಕನ್ನಡ. ಒಂದು ಕಾಲಕ್ಕೆ ಬಿಜಾಪುರದ ಆದಿಲ್‌ಶಾಹಿಗಳು ಆಳಿದ ಸೀಮೆಯಿದು. ಆ ರಾಜ್ಯದ ಸೂಫಿಗಳ ಬಳಗದಲ್ಲಿ ಹೆಂಗಸರ ದುಡಿಮೆಗೆ ಹೊಂದುವ ದಖನಿ ಹಾಡುಗಳೇ ಹುಟ್ಟಿದ್ದವು. ಬೀಸುಕಲ್ಲಿಗೆ ಚಕ್ಕಿನಾಮಾ, ನೂಲುವ ರಾಟೆಗೆ ಚರಖಾನಾಮಾ, ತೊಟ್ಟಿಲಿಗೆ ಲೋರಿನಾಮಾ, ಮದುವೆಗೆ ಶಾದಿನಾಮಾ. ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುಕಲ್ಲು ಮೂಲೆ ಸೇರಿತು. ಹಾಡಿಗೆ ಸಂದರ್ಭವೇ ಇಲ್ಲದಾಯಿತು. ಈಗ ಅಲ್ಲಲ್ಲಿ ವಯಸ್ಸಾದ ತಾಯಂದಿರ ಬಾಯಲ್ಲಷ್ಟೇ ಅದರ ತುಣುಕುಗಳು ಉಳಿದಿರಬಹುದು.

ಇವನ್ನು ಉಳಿಸಲು ಬೆಂಗಳೂರಿನ ಸ್ಟುಡಿಯೋ ಬೇಕಿಲ್ಲ. ಮನೆಯಲ್ಲಿರುವ ಎರಡು ಮೂರು ಮೊಬೈಲ್‌ಗಳೇ ಸಾಕು. ಆದರೆ ಒಂದೇ ಮೊಬೈಲನ್ನು ನಡುವೆ ಇಟ್ಟರೆ ದಾದಿಯ ಮೆಲುದನಿ ಅಡಗಿ, ಪಕ್ಕದಲ್ಲಿ ಕುಳಿತ ಸೊಸೆಯ ದನಿಯೇ ದೊಡ್ಡದಾಗಿ ಕೇಳುತ್ತದೆ. ಆದ್ದರಿಂದ ದಾದಿಯ ಮುಂದೆ ಒಂದು, ದನಿಗೂಡಿಸುವವರ ಮುಂದೆ ಒಂದು ಇಡಬೇಕು. ನಿಜವಾದ ಕಷ್ಟ ಶುರುವಾಗುವುದು ಅವನ್ನು ಕೂಡಿಸುವಾಗ.

ಯಂತ್ರಗಳು ಏಕೆ ಹೊಂದುವುದಿಲ್ಲ?

ಒಂದೇ ಹೊತ್ತಿಗೆ ಸರಿಪಡಿಸಿದ ಎರಡು ಗೋಡೆ ಗಡಿಯಾರಗಳು ಕೆಲವು ದಿನಗಳಲ್ಲಿ ಬೇರೆ ಬೇರೆ ಸಮಯ ತೋರಿಸುವುದನ್ನು ನೀವು ನೋಡಿದ್ದೀರಿ. ಧ್ವನಿಮುದ್ರಣ ಯಂತ್ರದೊಳಗೂ ಒಂದು ಗಡಿಯಾರವಿದೆ. ಅದು ಸೆಕೆಂಡಿಗೆ 44,100 ಅಥವಾ 48,000 ಬಾರಿ ದನಿಯನ್ನು ಅಳೆದು ಬರೆದಿಡುತ್ತದೆ. ಎರಡು ಯಂತ್ರಗಳ ಓಟದಲ್ಲಿ ಲಕ್ಷಕ್ಕೆ ಎರಡು ಪಾಲಿನಷ್ಟು ವ್ಯತ್ಯಾಸವಿದ್ದರೂ ಒಂದು ಗಂಟೆಯಲ್ಲಿ 72 ಮಿಲಿಸೆಕೆಂಡು ಜಾರುತ್ತದೆ. ಆಗ ಒಂದೇ ದನಿ ಎರಡಾಗಿ, ಬಾವಿಯೊಳಗಿನಿಂದ ಬಂದಂತೆ ಕೇಳುತ್ತದೆ.

ದೊಡ್ಡ ಸ್ಟುಡಿಯೋಗಳಿಗೂ ಇದೇ ತಲೆನೋವಿತ್ತು. 1990ರ ದಶಕದಲ್ಲಿ ಬಂದ ಅಲೆಸಿಸ್ ಕಂಪೆನಿಯ ಅಡಾಟ್ ಯಂತ್ರ ವಿಡಿಯೋ ಕ್ಯಾಸೆಟ್ಟಿನ ಮೇಲೆ ಎಂಟು ದನಿಗಳನ್ನು ಬೇರೆ ಬೇರೆಯಾಗಿ ಮುದ್ರಿಸುತ್ತಿತ್ತು. ಇಂತಹ 16 ಯಂತ್ರಗಳನ್ನು ಕೇಬಲ್‌ನಿಂದ ಜೋಡಿಸಿ 128 ದನಿಗಳನ್ನು ಒಟ್ಟಿಗೆ ಓಡಿಸಬಹುದಿತ್ತು. ನಿಯಮ ಸರಳ: ಒಂದು ಯಂತ್ರ ಮುಂದಾಳು, ಉಳಿದವು ಹಿಂಬಾಲಕರು. ಜಮಾಅತಿನಲ್ಲಿ ಎಲ್ಲರೂ ಒಬ್ಬ ಇಮಾಮರನ್ನು ಅನುಸರಿಸುವಂತೆ. ಇಲ್ಲಿ ಎರಡು ಸಂಗತಿಗಳಿವೆ. ಹಾಡು ಈಗ ಎಲ್ಲಿಗೆ ತಲುಪಿದೆ ಎಂದು ಟೈಮ್‌ಕೋಡ್ ಹೇಳುತ್ತದೆ. ಎಷ್ಟು ವೇಗದಲ್ಲಿ ಸಾಗಬೇಕೆಂದು ವರ್ಡ್‌ಕ್ಲಾಕ್ ಹೇಳುತ್ತದೆ. ಜೊತೆಯಾಗಿ ಹೊರಟರಷ್ಟೇ ಸಾಲದು, ಹೆಜ್ಜೆಯೂ ಒಂದೇ ಆಗಿರಬೇಕು.

ಚಪ್ಪಾಳೆಯ ಉಪಾಯ

ಮೊಬೈಲ್‌ಗಳಿಗೆ ಅಂತಹ ಕೇಬಲ್ ಇಲ್ಲ. ಸಿನಿಮಾದವರು ಕ್ಲಾಪ್ ಹೊಡೆಯುವುದೇಕೆ ಗೊತ್ತೇ? ಚಿತ್ರಕ್ಕೂ ದನಿಗೂ ಗಂಟು ಹಾಕಲು. ನೀವೂ ಹಾಗೆಯೇ ಮಾಡಿ.

1. ಎಲ್ಲ ಮೊಬೈಲ್‌ಗಳಲ್ಲೂ ಒಂದೇ ಅಳತೆ ಇಡಿ: 44,100 ಅಥವಾ 48,000. ಇವು ಬೆರೆತು, 48,000ದ ಮುದ್ರಣವನ್ನು 44,100ರಂತೆ ಓಡಿಸಿದರೆ ಒಂದು ಗಂಟೆಯ ಹಾಡು 65 ನಿಮಿಷಕ್ಕೆ ಹಿಗ್ಗಿ ದನಿ ದಪ್ಪಗಾಗುತ್ತದೆ.

2. ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಕರೆ ಬಂದರೆ ಮುದ್ರಣ ನಿಂತುಹೋಗಬಹುದು. ಫ್ಯಾನ್ ಆರಿಸಿ. ಬೇಸಿಗೆಯಾದರೆ ಬೆಳಗಿನ ತಂಪಿನಲ್ಲೇ ಕುಳಿತುಕೊಳ್ಳಿ.

3. ಮುದ್ರಣ ಶುರುವಾದ ಮೇಲೆ, ಎಲ್ಲ ಮೊಬೈಲ್‌ಗಳಿಗೂ ಸಮದೂರದಲ್ಲಿ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ದನಿ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡು ಬೇಕು.

4. ಮುಗಿಸುವ ಮೊದಲು ಅಲ್ಲಿಂದಲೇ ಇನ್ನೊಂದು ಚಪ್ಪಾಳೆ ತಟ್ಟಿ. ಇದನ್ನು ಮರೆಯಬೇಡಿ.

ಆಮೇಲೆ ಮುದ್ರಣಗಳನ್ನು ಕಂಪ್ಯೂಟರಿಗೆ ಹಾಕಿ. 2000ದಿಂದ ಉಚಿತವಾಗಿ ಸಿಗುತ್ತಿರುವ ಆಡಾಸಿಟಿ ಎಂಬ ತಂತ್ರಾಂಶದಲ್ಲಿ ದನಿಗಳು ಒಂದರ ಕೆಳಗೊಂದು ಗೆರೆಗಳಾಗಿ ಕಾಣುತ್ತವೆ. ಚಪ್ಪಾಳೆ ಮುಳ್ಳಿನಂತೆ ಎದ್ದು ನಿಂತಿರುತ್ತದೆ. ಮೊದಲ ಮುಳ್ಳುಗಳನ್ನು ಒಂದೇ ಸಾಲಿಗೆ ತನ್ನಿ. ಕೊನೆಯ ಮುಳ್ಳುಗಳೂ ಹೊಂದಿದರೆ ಕೆಲಸ ಮುಗಿಯಿತು. ಹೊಂದದಿದ್ದರೆ ದಾದಿಯ ದನಿಯನ್ನೇ ಮುಂದಾಳಾಗಿಟ್ಟು, ಉಳಿದ ದನಿಗಳ ವೇಗವನ್ನು ಅದಕ್ಕೆ ತಕ್ಕಂತೆ ಒಂದಿಷ್ಟು ಬದಲಿಸಿ. ಅದು ಕಷ್ಟವೆನಿಸಿದರೆ ಹಾಡಿನ ನಡುವೆ ಎಲ್ಲರೂ ಸುಮ್ಮನಿದ್ದ ಕಡೆ ಕತ್ತರಿಸಿ, ತುಸು ಹಿಂದೆ ಮುಂದೆ ಸರಿಸಿ. ಅದಕ್ಕೇ ಒಂದೊಂದು ಹಾಡನ್ನೂ ಬೇರೆ ಬೇರೆಯಾಗಿ ಮುದ್ರಿಸುವುದು ಜಾಣತನ. ಹತ್ತು ನಿಮಿಷದ ಹಾಡಿನಲ್ಲಿ ಆಗುವ ಜಾರು ಅತ್ಯಲ್ಪ.

ಮಗಳು ದೂರದಲ್ಲಿದ್ದರೆ?

ದನಿಗೂಡಿಸುತ್ತಿದ್ದ ಮಗಳು ಈಗ ರಿಯಾದಿನಲ್ಲಿ ಇರಬಹುದು. ಚಿಂತೆಯಿಲ್ಲ. ದಾದಿಯ ಹಾಡನ್ನು ಚಪ್ಪಾಳೆಯ ಸಮೇತ ಆಕೆಗೆ ಕಳುಹಿಸಿ. ಆಕೆ ಒಂದು ಮೊಬೈಲಿನಲ್ಲಿ ಅದನ್ನು ಇಯರ್‌ಫೋನ್ ಮೂಲಕ ಕೇಳುತ್ತಾ, ಕಿವಿಗೆ ಬಿದ್ದ ಚಪ್ಪಾಳೆಗಳಿಗೆ ಸರಿಯಾಗಿ ತಾನೂ ತಟ್ಟಿ, ಇನ್ನೊಂದು ಮೊಬೈಲಿನಲ್ಲಿ ಹಾಡಲಿ. ಇಯರ್‌ಫೋನ್ ವೈರ್ ಇರುವುದೇ ಆಗಲಿ. ಬ್ಲೂಟೂತಿನಲ್ಲಿ ದನಿ ತಡವಾಗಿ ತಲುಪುತ್ತದೆ. ಆದರೆ ಮೊದಲು ಮುದ್ರಿಸಬೇಕಾದುದು ದಾದಿಯದೇ. ಮಗಳ ಪಾಲನ್ನು ಮುಂದಿನ ವರ್ಷವೂ ಸೇರಿಸಬಹುದು. ದಾದಿಯ ಪಾಲಿಗೆ ಆ ಭರವಸೆಯಿಲ್ಲ.

ಇದು ಅಮಾನತ್

ದನಿಯೂ ಒಬ್ಬರ ಸ್ವಂತದ್ದು. ಮೊದಲು ದಾದಿಯವರ ಒಪ್ಪಿಗೆ ಪಡೆಯಿರಿ. ಕದ್ದು ಮುದ್ರಿಸಬೇಡಿ. ಮನೆಯವರು ಕೇಳಲೆಂದು ಹಾಡಿದ್ದನ್ನು ವಾಟ್ಸಾಪಿನಲ್ಲಿ ಊರಿಗೆಲ್ಲ ಹಂಚಬೇಡಿ. ಸಂಕುಚಿಸದ ವೇವ್ ಮಾದರಿಯಲ್ಲಿ ಒಂದು ಗಂಟೆಯ ಒಂದು ದನಿಗೆ ಸುಮಾರು 320 ಎಂಬಿ ಜಾಗ ಬೇಕು. ಹಾಡಿದವರ ಹೆಸರು, ಊರು, ದಿನಾಂಕ ಬರೆದು ಎರಡು ಕಡೆ ಪ್ರತಿ ಇಡಿ. ಕೂಡಿಸಿದ ಮೇಲೂ ಮೂಲ ಮುದ್ರಣಗಳನ್ನು ಅಳಿಸಬೇಡಿ. ಹಾಡಿನ ನಡುವೆ ದಾದಿ ಕೆಮ್ಮಿದರೆ, ಸಾಲು ಮರೆತು ನಕ್ಕರೆ ಅದನ್ನೂ ಇರಗೊಡಿ. ನಾಳೆ ಮೊಮ್ಮಕ್ಕಳು ಹುಡುಕುವುದು ಆ ನಗುವನ್ನೇ.

ಈ ಶುಕ್ರವಾರ ಊಟವಾದ ಮೇಲೆ ದಾದಿಯ ಪಕ್ಕದಲ್ಲಿ ಕುಳಿತು ಒಂದು ಹಾಡು ಕೇಳಿ. ಮೊದಲು ಬರೀ ಕೇಳಿ. ಅವರು ಒಪ್ಪಿದರೆ, ನಂತರ ಮೊಬೈಲ್ ತೆಗೆಯಿರಿ.