ಗೋಪುರ ಇದೆ, ಸರಿ. ಯಾವ ಗೋಪುರ?

ವೆನಿಸ್‌ನ ಸೇಂಟ್ ಮಾರ್ಕ್ ಚೌಕದ ಹಳೇ ಪೋಸ್ಟ್‌ಕಾರ್ಡ್ ಸಿಕ್ಕರೆ ನಾವು ಮೊದಲು ಹುಡುಕುವುದು ಅಂಚೆ ಮುದ್ರೆಯನ್ನು. 1906 ಅಂತಿದ್ದರೆ ಚಿತ್ರವೂ 1906ರದ್ದೇ ಅಂದುಕೊಳ್ಳುತ್ತೇವೆ. ಎಡವುವುದು ಅಲ್ಲೇ. ಮುದ್ರೆ ಹೇಳುವುದು ಕಾರ್ಡು ಡಬ್ಬಿಗೆ ಬಿದ್ದ ಕಾಲವನ್ನು, ಫೋಟೊ ತೆಗೆದ ಕಾಲವನ್ನಲ್ಲ. ಚೌಕದ ಇಟ್ಟಿಗೆಯ ಗಂಟೆಗೋಪುರ ನೋಡಿ. ಸುಮಾರು 98 ಮೀಟರ್ ಎತ್ತರದ ಅದು 1902ರ ಜುಲೈ 14ರ ಬೆಳಿಗ್ಗೆ ಕುಸಿದು ರಾಶಿಯಾಯಿತು. ಬುಡದಲ್ಲಿದ್ದ ಲೊಜೆಟ್ಟಾ ಮಂಟಪವೂ ನುಚ್ಚುನೂರು. (ಸತ್ತದ್ದು ಕಾವಲುಗಾರನ ಬೆಕ್ಕು ಮಾತ್ರ ಅಂತಾರೆ.) ಹೊಸ ಗೋಪುರ ಉದ್ಘಾಟನೆಯಾದದ್ದು 1912ರ ಏಪ್ರಿಲ್ 25ಕ್ಕೆ. ಹಾಗಾಗಿ 1906ರ ಮುದ್ರೆಯ ಕಾರ್ಡಿನಲ್ಲಿ ಪೂರ್ತಿ ಗೋಪುರ ನಿಂತಿದ್ದರೆ, ಆ ಚಿತ್ರ ಕನಿಷ್ಠವೆಂದರೂ ಸುಮಾರು ಮೂರೂವರೆ ವರ್ಷ ಹಳತು.

ಹಾಗಾದರೆ ಗೋಪುರವನ್ನೇ ನಂಬಬಹುದಲ್ಲ ಅನ್ನುತ್ತೀರಾ? ಅರ್ಧ ಮಾತ್ರ. ವೆನಿಸ್‌ನವರು ಹಟ ಹಿಡಿದು ಇದ್ದ ಜಾಗದಲ್ಲೇ, ಇದ್ದ ಹಾಗೇ ಕಟ್ಟಿಸಿದ್ದರಿಂದ ದೂರದ ನೋಟದಲ್ಲಿ ಹಳತು ಯಾವುದು, ಹೊಸತು ಯಾವುದು ಗೊತ್ತಾಗುವುದು ಕಷ್ಟ. ಫೋಟೊ ಸುಳ್ಳು ಹೇಳುವುದಿಲ್ಲ ಎಂಬ ವಾದವೂ ಇಲ್ಲಿ ನಿಲ್ಲುವುದಿಲ್ಲ: ಗೋಪುರ ಬೀಳುವ ಕ್ಷಣವನ್ನೇ ತೋರಿಸುವ ಪ್ರಸಿದ್ಧ ಚಿತ್ರ ಕೈಚಳಕದ್ದು. ಬಣ್ಣವೂ ಅಷ್ಟೇ, ಆ ಕಾಲದ ಬಹುಪಾಲು ಕಾರ್ಡುಗಳಲ್ಲಿ ಕಪ್ಪುಬಿಳುಪು ಫೋಟೊಗೆ ಮುದ್ರಣಾಲಯದಲ್ಲಿ ಹಚ್ಚಿದ್ದು. ಆದ್ದರಿಂದ ಕಾರ್ಡನ್ನು ತಿರುಗಿಸಿ. ಹಿಂಬದಿ ಬರೀ ವಿಳಾಸಕ್ಕೆ ಮೀಸಲಾಗಿ, ಕ್ಷೇಮಸಮಾಚಾರವೆಲ್ಲ ಚಿತ್ರದ ಅಂಚಿನಲ್ಲಿ ಇಕ್ಕಟ್ಟಾಗಿ ಗೀಚಿದ್ದರೆ, ಅದು ವಿಳಾಸಕ್ಕೂ ಒಕ್ಕಣೆಗೂ ನಡುವೆ ಗೆರೆ ಎಳೆದ ಕಾರ್ಡು ಬರುವ ಮುಂಚಿನ ಮಾದರಿ. ಆ ಗೆರೆಗೆ ಬ್ರಿಟನ್ 1902ರಲ್ಲಿ ಒಪ್ಪಿತು, ಅಮೆರಿಕ 1907ರಲ್ಲಿ.